ಮೂಲೆಯಲ್ಲಿ ನಿಲ್ಲುವವನು

ಸುಧನ್ವ ಹಾಕಿದ ಷರತ್ತು ಒಂದೇ. ತಿರುವನಂತಪುರದ ಆಸ್ಪತ್ರೆಗೆ ಹೆಂಡತಿ ಬರಕೂಡದು, ಕಾಶೀನಾಥ ಬರಬೇಕು. ಕಾಶೀನಾಥ ಬರುವುದಾದರೆ ರೈಲು ಹತ್ತುತ್ತೇನೆ, ಇಲ್ಲವಾದರೆ ಇಲ್ಲ.

ನಂದಿತಾ ಒಪ್ಪಿಕೊಂಡಳು. ಒಪ್ಪದೆ ಬೇರೆ ದಾರಿಯಿರಲಿಲ್ಲ. ಆ ತಾರೀಖು ಸಿಗಲು ನಾಲ್ಕು ತಿಂಗಳು ಕಾದಿದ್ದಳು. ಹೊರಡುವ ಹಿಂದಿನ ಸಂಜೆ ಬ್ಯಾಂಕು ಮುಗಿಸಿ ನೇರವಾಗಿ ಕಾಶೀನಾಥನ ಕ್ವಾರ್ಟರ್ಸಿಗೆ ಬಂದಳು. ಕುರ್ಚಿಯ ಅಂಚಿನಲ್ಲಿ ಕೂತು, ಚಹಾ ಬೇಡವೆಂದು ಕೈಯಾಡಿಸಿದಳು.

"ಕಾಶಿಯಣ್ಣ, ಡಾಕ್ಟರ ಮುಂದೆ ಇವರು ಬಾಯಿ ಬಿಡಲ್ಲ. ನೀವು ಬಿಡಬೇಕು. ತನುಶ್ರೀನ ಡ್ಯಾನ್ಸ್ ಕ್ಲಾಸಿಂದ ಕರ್ಕೊಂಡು ಬರ್ತೀನಿ ಅಂತ ಹೋದೋರು ಕಳಮಶ್ಶೇರಿ ಮೆಟ್ರೋ ಸ್ಟೇಷನ್ನಲ್ಲಿ ಮೂರು ಗಂಟೆ ನಿಂತಿದ್ರು. ಯಾವ ಕಡೆಯ ರೈಲು ಹತ್ತಬೇಕು ಅಂತ ಗೊತ್ತಾಗಲಿಲ್ವಂತೆ. ಅದನ್ನ ಹೇಳಿ. ಇನ್ನೊಂದಿನ ಅದೇ ಮಗು ಮಗ್ಗಿ ಕೇಳ್ತು, ಇವರು ತಪ್ಪು ಹೇಳಿದ್ರು, ಅದು ನಗ್ತಾ 'ಅಪ್ಪ ಮರನ್ನುಪೋಯಿ' ಅಂತು. ಅಪ್ಪ ಮರೆತುಬಿಟ್ಟ ಅಂದಿದ್ದಷ್ಟೇ. ಇವರು ಬಚ್ಚಲುಮನೆ ಬಾಗಿಲಿನ ಗಾಜಿಗೆ ಗುದ್ದಿ ಕೈ ತುಂಬ ರಕ್ತ. ಅದನ್ನೂ ಹೇಳಿ."

"ಹೇಳ್ತೀನ್ರೀ ವೈನೀ."

"ಇನ್ನೊಂದು." ಅವಳು ಕೈಚೀಲದ ಜಿಪ್ಪು ಎಳೆದು ಮತ್ತೆ ಮುಚ್ಚಿದಳು. "ನಮ್ಮ ಬಿಲ್ಡಿಂಗಿನ ತಾರಸಿ ಬಾಗಿಲಿಗೆ ಈಗ ಬೀಗ ಹಾಕಿಸಿದೀನಿ. ಬೀಗದಕೈ ನನ್ನ ಹತ್ರಾನೇ ಇರುತ್ತೆ. ಯಾಕೆ ಅಂತ ನೀವು ಕೇಳಬೇಡಿ. ಡಾಕ್ಟರಿಗೆ ಮಾತ್ರ ಹೇಳಿ."

ಕಾಶೀನಾಥ ಕೇಳಲಿಲ್ಲ. "ಎಲ್ಲಾ ಹೇಳ್ತೀನಿ," ಅಂದ. ಆ ಮಾತಾಡುವಾಗ ಅವನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಇಬ್ಬರೂ ಹದಿನೇಳು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಕ್ರೀಡಾ ಕೋಟಾದಲ್ಲಿ ಸೇರಿ ಕೊಚ್ಚಿಗೆ ಬಂದವರು. ಇಬ್ಬರೂ ಬಾಕ್ಸರುಗಳು. ಸುಧನ್ವ ಮೈಸೂರಿನವನು, ಕಾಶೀನಾಥ ಗೋಕಾಕದ ಕಡೆಯವನು. ಎರಡನೇ ವರ್ಷವೇ ಕಾಶೀನಾಥನ ಭುಜದ ಕೀಲು ತಪ್ಪಿ ಅವನ ಆಟ ಮುಗಿಯಿತು. ಮುಗಿದರೂ ರಿಂಗಿನ ಹತ್ತಿರದಿಂದ ದೂರ ಹೋಗಲಾರದೆ ಅವನು ಸುಧನ್ವನ ಮೂಲೆಗೆ ಬಂದು ನಿಂತ. ಎರಡು ರೌಂಡುಗಳ ನಡುವಿನ ಬಿಡುವಿನಲ್ಲಿ ಸ್ಟೂಲು ಹಾಕುವವನು, ನೀರು ಕುಡಿಸುವವನು, ಬಕೆಟ್ಟಿಗೆ ಉಗುಳಿಸುವವನು, ಹುಬ್ಬಿಗೆ ವ್ಯಾಸಲಿನ್ ಸವರುವವನು, ಎದುರಾಳಿಯ ಯಾವ ಕೈ ಸೋಲುತ್ತಿದೆ ಎಂದು ಕಿವಿಯಲ್ಲಿ ಹೇಳಿ ಮತ್ತೆ ಎಬ್ಬಿಸಿ ಕಳಿಸುವವನು. ಒಂಬತ್ತು ವರ್ಷ ಆ ಕೆಲಸ ಮಾಡಿದ.

ಆ ಕಾಲದಲ್ಲಿ ಕಚೇರಿ ಅಂದರೆ ಹಾಜರಿ ಪುಸ್ತಕದಲ್ಲಿ ಒಂದು ರುಜು. ರುಜು ಹಾಕಿ ಅಭ್ಯಾಸಕ್ಕೆ ಹೋಗಿಬಿಡುತ್ತಿದ್ದರು. ಬಾಕ್ಸರನಿಗೆ ನಿವೃತ್ತಿಯ ದಿನ ಅಂತ ಒಂದಿಲ್ಲ, ಹಾರವಿಲ್ಲ, ಭಾಷಣವಿಲ್ಲ. ಒಂದು ವರ್ಷ ಶಿಬಿರದ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ಅಷ್ಟೆ. ಸುಧನ್ವನ ಹೆಸರು ಬಾರದೆ ಹೋದಾಗ ಅವನಿಗೆ ಮೂವತ್ತಮೂರು. ಮುಂದಿನ ಸೋಮವಾರ ಟಪಾಲು ವಿಭಾಗದಲ್ಲಿ ಅವನಿಗೊಂದು ಮೇಜು ತೋರಿಸಿದರು. ಪಕ್ಕದ ಮೇಜಿನ ಹುಡುಗಿ, ಅವನಿಗಿಂತ ಹತ್ತು ವರ್ಷ ಚಿಕ್ಕವಳು, ಬಂದ ಪತ್ರವನ್ನು ಕಂಪ್ಯೂಟರಿಗೆ ಏರಿಸುವುದು ಹೇಗೆಂದು ಕಲಿಸಿದಳು. ಮರುದಿನ ಮತ್ತೆ ಕಲಿಸಿದಳು. ಆರು ವರ್ಷವಾದ ಮೇಲೂ ಅವನು ಅದನ್ನು ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಯಲ್ಲಿಟ್ಟುಕೊಂಡಿದ್ದ. ಮೊದಮೊದಲು ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಈಚೆಗೆ ಯಾರೂ ನಗುತ್ತಿರಲಿಲ್ಲ. ಕಚೇರಿಯಿಂದ ಎರಡು ಮೆಮೋ ಬಂದಿದ್ದವು. ಮೂರನೆಯದು ಬಂದರೆ ಏನೆಂಬುದನ್ನು ಇಬ್ಬರೂ ಮಾತಾಡಿರಲಿಲ್ಲ.

ಬೆಳಗಿನ ರೈಲಿನಲ್ಲಿ ಸುಧನ್ವ ಕಿಟಕಿಯ ಪಕ್ಕ ಕೂತ. ಗಡ್ಡ ನುಣ್ಣಗೆ ಹೆರೆದಿದ್ದ. ಕಾಶೀನಾಥ ಇಡ್ಲಿಯ ಪೊಟ್ಟಣ ಬಿಚ್ಚಿ ಮುಂದೆ ಹಿಡಿದರೆ ತಲೆಯಾಡಿಸಿದ.

"ಯಾಕಲೇ, ಉಪವಾಸೇನು?"

"ತೂಕ ಹಾಕೋವರೆಗೂ ತಿನ್ನಬಾರದು ಕಣೋ."

ಪಂದ್ಯಕ್ಕೆ ಹೊರಟಿದ್ದೇನೆ ಅಂದುಕೊಂಡಿದ್ದಾನೋ ಏನೋ ಎಂದು ಕಾಶೀನಾಥನಿಗೆ ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಸುಧನ್ವನ ತುಟಿಯ ಮೂಲೆ ಅಲ್ಲಾಡಿದ್ದು ಕಂಡಿತು.

"ಹೆದರಿಬಿಟ್ಯಾ? ತಮಾಷೆ ಕಣಯ್ಯ. ಅಷ್ಟೂ ಕೆಟ್ಟಿಲ್ಲ ತಲೆ."

"ನಿನ್ನ ತಲಿ ಮೊದಲ ಎಲ್ಲಿ ಛಲೋ ಇತ್ತು? ಒಳಗ ಏನರೆ ಇದ್ದಿದ್ರ ಗುದ್ದಾಟಕ್ಕ ಬರ್ತಿದ್ಯಾ?"

ಸುಧನ್ವ ನಕ್ಕ. ಕಾಯಂಕುಳಂ ದಾಟುವವರೆಗೂ ಹೀಗೇ ನಡೆಯಿತು. ಅದಾದ ಮೇಲೆ ಅವನು ಮಾತು ನಿಲ್ಲಿಸಿ ಹೊರಗೆ ನೋಡತೊಡಗಿದ. ಅವನ ಮೌನ ಹೊಸದಲ್ಲ. ಪಂದ್ಯಕ್ಕೆ ಹೋಗುವಾಗಲೂ ಹೀಗೇ ಸುಮ್ಮನಾಗುತ್ತಿದ್ದ. ಆಗಿನ ಮೌನದಲ್ಲಿ ಅವನೇನನ್ನೋ ಒಟ್ಟುಮಾಡಿಕೊಳ್ಳುತ್ತಿದ್ದ ಅನ್ನಿಸುತ್ತಿತ್ತು. ಈಗಿನದರಲ್ಲಿ ಒಟ್ಟುಮಾಡಲು ಏನೂ ಉಳಿದಿಲ್ಲ ಅನ್ನಿಸಿ ಕಾಶೀನಾಥ ಮೊಬೈಲು ತೆಗೆದು ಸುಮ್ಮನೆ ಒತ್ತುತ್ತ ಕೂತ.

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರನ್ನು ನೋಡುವ ಮುಂಚೆ ನೆನಪಿನ ಪರೀಕ್ಷೆ ಆಗಬೇಕೆಂದು ಒಂದು ಸಣ್ಣ ಕೋಣೆಗೆ ಕಳಿಸಿದರು. ಒಳಗಿದ್ದವಳು ಮನಶ್ಶಾಸ್ತ್ರಜ್ಞೆ, ರಾಜಲಕ್ಷ್ಮಿ ಅಂತ ಬಾಗಿಲ ಮೇಲೆ ಹೆಸರಿತ್ತು. ಐವತ್ತರ ಆಸುಪಾಸು, ಕನ್ನಡಕ, ಎದುರಿಗೆ ಫೈಲುಗಳ ರಾಶಿ. ಮಲಯಾಳದಲ್ಲಿ ಕೇಳಿದಳು:

"ಮನೆಯಲ್ಲಿ ಯಾವ ಭಾಷೆ?"

"ಕನ್ನಡ," ಅಂದ ಕಾಶೀನಾಥ. "ಆದರೆ ಇವನಿಗೆ ಮಲಯಾಳ ಬರುತ್ತದೆ ಮೇಡಂ."

"ಬಂದರೆ ಸಾಲದು. ಈ ಪರೀಕ್ಷೆ ಮಾತೃಭಾಷೆಯಲ್ಲೇ ಆಗಬೇಕು. ಬೇರೆ ಭಾಷೆಯಲ್ಲಿ ತಡವರಿಸಿದರೆ ಭಾಷೆಯ ತಪ್ಪೋ ನೆನಪಿನ ತಪ್ಪೋ ಗೊತ್ತಾಗುವುದಿಲ್ಲ." ಅವಳು ಗಡಿಯಾರ ನೋಡಿದಳು. "ಕನ್ನಡ ಬರುವ ನರ್ಸ್ ಒಬ್ಬಳಿದ್ದಾಳೆ, ಕಾಸರಗೋಡಿನವಳು. ಇವತ್ತು ರಜೆ. ನೀವು ಅನುವಾದ ಮಾಡುತ್ತೀರಾ? ನಾನು ಕೇಳಿದ್ದನ್ನು ಹಾಗೇ ಅವರಿಗೆ ಹೇಳಿ. ಅವರು ಹೇಳಿದ್ದನ್ನು ಹಾಗೇ ನನಗೆ ಹೇಳಿ. ಸುಳಿವು ಕೊಡಬಾರದು."

"ಆಗಲಿ ಮೇಡಂ."

ಸುಧನ್ವ ಅವನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಏನಿತ್ತೆಂದು ಕಾಶೀನಾಥ ಆಮೇಲೆ ಬಹಳ ಸಲ ಯೋಚಿಸಿದ.

"ಇವತ್ತು ತಾರೀಖು ಎಷ್ಟು?"

ಕಾಶೀನಾಥ ಕನ್ನಡದಲ್ಲಿ ಕೇಳಿದ. ಸುಧನ್ವ ಗೋಡೆ ನೋಡಿದ, ಮೇಜು ನೋಡಿದ. "ಹನ್ನೊಂದಲ್ವಾ?"

ಅಂದು ಹತ್ತೊಂಬತ್ತು.

"ಹತ್ತೊಂಬತ್ತು," ಅಂದುಬಿಟ್ಟ ಕಾಶೀನಾಥ, ಮಲಯಾಳದಲ್ಲಿ.

ಅದು ಹೇಗೆ ಬಾಯಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಯೋಚಿಸಿ ಆಡಿದ ಸುಳ್ಳಲ್ಲ. ಕಾಲು ಜಾರಿದಾಗ ಕೈ ತಾನಾಗಿ ಗೋಡೆ ಹಿಡಿಯುತ್ತದಲ್ಲ, ಹಾಗೆ. ರಾಜಲಕ್ಷ್ಮಿ ಬರೆದುಕೊಂಡಳು. ಬರೆದಾದ ಮೇಲೆ ಅಳಿಸಿ ಎನ್ನುವುದು ಹೇಗೆ?

ಹಿಂದೆಯೂ ಹೀಗೇ ಒಂದು ಸಲ ಅನುವಾದ ಮಾಡಿದ್ದ. ಹದಿಮೂರು ವರ್ಷವಾಯಿತು. ಉತ್ತರದ ಒಂದು ಊರಿನಲ್ಲಿ ರಾಷ್ಟ್ರಮಟ್ಟದ ಸೆಮಿಫೈನಲ್. ಎರಡನೇ ರೌಂಡಿನ ಕೊನೆಯಲ್ಲಿ ಸುಧನ್ವನ ಕಪಾಳಕ್ಕೆ ಬಿದ್ದ ಏಟಿಗೆ ಅವನು ಎದುರಾಳಿಯ ಮೂಲೆಗೇ ನಡೆದುಹೋಗಿದ್ದ. ರಿಂಗಿನ ಪಕ್ಕದ ಡಾಕ್ಟರು ಹಗ್ಗ ಸರಿಸಿ ಬಂದು ಹಿಂದಿಯಲ್ಲಿ, ಇದು ಎಷ್ಟನೇ ರೌಂಡು ಎಂದು ಕೇಳಿದ. ಸುಧನ್ವನಿಗೆ ಆಗ ಹಿಂದಿ ಬರುತ್ತಿರಲಿಲ್ಲ. ಕಾಶೀನಾಥ ಮುಖ ಒರೆಸುವ ನೆವದಲ್ಲಿ ಬಾಗಿ, "ಎರಡು ಮುಗೀತು ಅನ್ನಲೇ, ಎರಡು," ಅಂದ. ಸುಧನ್ವ "ಎರಡು" ಅಂದ. ಕಾಶೀನಾಥ ಡಾಕ್ಟರಿಗೆ "ದೋ ಸಾಬ್, ಬಿಲ್ಕುಲ್ ಠೀಕ್ ಹೈ" ಅಂದ. ಡಾಕ್ಟರು ಕೆಳಗಿಳಿದ. ಮೂರನೇ ರೌಂಡು ಸುಧನ್ವ ಗೆದ್ದ. ಹೇಗೆ ಗೆದ್ದನೆಂದು ಇವತ್ತಿಗೂ ಅವನಿಗೆ ನೆನಪಿಲ್ಲ. ಮರುದಿನ ಫೈನಲ್ಲಿನಲ್ಲಿ ಸೋತು ಬೆಳ್ಳಿ ಬಂತು. ಕೊಚ್ಚಿಗೆ ಮರಳಿದ ಮೇಲೆ ಕಚೇರಿಯವರು ಇಬ್ಬರಿಗೂ ಶಾಲು ಹೊದಿಸಿದರು.

"ಐದು ಶಬ್ದ ಹೇಳುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ." ಬೆಕ್ಕು, ಬಾಗಿಲು, ಹಗ್ಗ, ಕೆಂಪು, ನಿಂಬೆಹಣ್ಣು. ಕಾಶೀನಾಥ ಕನ್ನಡದಲ್ಲಿ ಹೇಳಿಕೊಟ್ಟ ಒಂದೊಂದನ್ನೂ ಸುಧನ್ವ ಮಗುವಿನ ಹಾಗೆ ತಿರುಗಿ ಹೇಳಿದ. ನಡುವೆ ನೂರರಿಂದ ಏಳೇಳು ಕಳೆಯುವ ಲೆಕ್ಕ ಬಂತು. ತೊಂಬತ್ತಮೂರರ ಮೇಲೆ ಅವನು ಮುಂದೆ ಹೋಗಲಿಲ್ಲ; "ಎಂಬತ್ತು... ಎಂಬತ್ತೇನೋ ಇರಬೇಕು, ಬಿಡು," ಅಂತ ಗೊಣಗಿದ. ಕಾಶೀನಾಥ ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ನಿಧಾನವಾಗಿ, ನಡುನಡುವೆ ಸುಧನ್ವನ ಮುಖ ನೋಡಿ ಕೇಳಿಸಿಕೊಂಡವನ ಹಾಗೆ ನಟಿಸುತ್ತ ಹೇಳಿದ. ಆಮೇಲೆ ಆ ಐದು ಶಬ್ದ.

"ಬೆಕ್ಕು," ಅಂದ ಸುಧನ್ವ. "ಬಾಗಿಲು. ಆಮೇಲೆ ಏನೋ ಇತ್ತಲ್ಲೋ ಕಾಶಿ, ತಿನ್ನೋದು... ಮಾವಿನಹಣ್ಣಾ? ಅಷ್ಟೇ. ಇಲ್ಲ, ಇನ್ನೂ ಇತ್ತು."

ಕಾಶೀನಾಥ ಐದೂ ಹೇಳಿದ.

ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದಳು. ಅದಕ್ಕೆ ಅನುವಾದ ಬೇಕಿರಲಿಲ್ಲ. ಸುಧನ್ವ ದುಂಡಗೆ ಒಂದು ಗೆರೆ ಎಳೆದ. ಒಂದರಿಂದ ಏಳರವರೆಗಿನ ಅಂಕಿಗಳೆಲ್ಲ ಬಲಗಡೆಯೇ ಒತ್ತಿಕೊಂಡು ನಿಂತವು, ಎಡಗಡೆ ಖಾಲಿ. ರಾಜಲಕ್ಷ್ಮಿಯ ಪೆನ್ನು ನಿಂತಿತು.

"ಬೆರಳ ಗೆಣ್ಣು ಮೂರು ಸಲ ಮುರಿದಿದೆ ಮೇಡಂ," ಅಂದ ಕಾಶೀನಾಥ. "ಬಾಕ್ಸಿಂಗ್. ಪೆನ್ನು ಹಿಡಿಯಲು ಕಷ್ಟ." ಸುಧನ್ವನ ಬಲಗೈ ಎತ್ತಿ ತೋರಿಸಿದ. ಊದಿದ ಗೆಣ್ಣುಗಳು ಇದ್ದದ್ದು ನಿಜವೇ. ಅವಳು ನೋಡಿ, ಬದಿಯಲ್ಲಿ ಏನೋ ಬರೆದಳು.

ಕೊನೆಗೆ ಮನಸ್ಸಿನ ಬಗ್ಗೆ ನಾಲ್ಕು ಪ್ರಶ್ನೆ. ನಿದ್ದೆ ಬರುತ್ತದೆಯೇ, ಸಿಟ್ಟು ಬರುತ್ತದೆಯೇ, ಊಟ ಸೇರುತ್ತದೆಯೇ. ನಾಲ್ಕನೆಯದನ್ನು ಅವಳು ಧ್ವನಿ ತಗ್ಗಿಸಿ ಕೇಳಿದಳು: "ಬದುಕಿರುವುದೇ ಬೇಡ ಅನ್ನಿಸುತ್ತದೆಯೇ?"

ಕಾಶೀನಾಥ ಅದನ್ನು ಕನ್ನಡಕ್ಕೆ ತಿರುಗಿಸಿದ. ಸುಧನ್ವ ಯೋಚಿಸಲೇ ಇಲ್ಲ. ಬೆಳಗಿನಿಂದ ಅವನು ತಡವರಿಸದೆ ಕೊಟ್ಟ ಉತ್ತರ ಅದೊಂದೇ.

"ಹೂಂ. ಯಾವಾಗ್ಲೂ."

ನಂದಿತಾ ಕುರ್ಚಿಯ ಅಂಚಿನಲ್ಲಿ ಕೂತದ್ದು ಕಾಶೀನಾಥನ ಕಣ್ಣಮುಂದೆ ಬಂತು. ಹೇಳಬೇಕು, ಹೇಳುತ್ತೇನೆ ಅಂದುಕೊಳ್ಳುತ್ತಿದ್ದ ಹಾಗೆಯೇ ಅವನ ಬಾಯಿ "ಇಲ್ಲ ಮೇಡಂ" ಅಂದಿತು.

ಮೂವತ್ತಕ್ಕೆ ಇಪ್ಪತ್ತೇಳು. ದೊಡ್ಡ ಡಾಕ್ಟರು ಹಾಳೆಯ ಕೆಳಗಿನ ಅಂಕಿ ನೋಡಿದರು. ಜೊತೆಗೆ ಬಂದವರಾಗಿ ನೀವೇನಾದರೂ ಗಮನಿಸಿದ್ದೀರಾ ಎಂದು ಕೇಳಿದರು. ಅಂಥದ್ದೇನಿಲ್ಲ ಸರ್ ಅಂದ ಕಾಶೀನಾಥ. ಆಟ ಬಿಟ್ಟವರಿಗೆ ಸ್ವಲ್ಪ ಬೇಜಾರು ಇದ್ದೇ ಇರುತ್ತದೆ, ನಡೆದಾಡಿ, ನಿದ್ದೆಗೆ ಒಂದು ಗುಳಿಗೆ ಬರೆದಿದ್ದೇನೆ, ಆರು ತಿಂಗಳು ಬಿಟ್ಟು ಬನ್ನಿ ಅಂದರು ಡಾಕ್ಟರು. ಮೂರು ನಿಮಿಷದಲ್ಲಿ ಇಬ್ಬರೂ ಹೊರಗೆ ಬಂದರು.

ಕಾಶೀನಾಥ ನಂದಿತಾಗೆ ಫೋನು ಮಾಡಿದ್ದು ಆಸ್ಪತ್ರೆಯ ಗೇಟಿನಲ್ಲಿ. "ಎಲ್ಲಾ ಛಲೋ ಐತ್ರೀ ವೈನೀ. ಇಪ್ಪತ್ತೇಳು ಬಂತು."

"ತಾರಸಿ ವಿಷಯ ಹೇಳಿದ್ರಾ?"

"ಹೇಳಿದೆ."

ಆಚೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಫೋನು ಇಟ್ಟಳು.

ರೈಲ್ವೆ ಸ್ಟೇಷನ್ನಿನ ಹತ್ತಿರ, ತಂಬಾನೂರಿನ ಒಂದು ಊಟದ ಹೋಟೆಲಿನಲ್ಲಿ ಎದುರುಬದುರು ಕೂತರು. ಎಲೆಯ ಮೇಲೆ ದಪ್ಪಕ್ಕಿ ಅನ್ನ, ಸಾಂಬಾರು, ಪಲ್ಯ ಬಿತ್ತು. ಬೆಳಗಿನಿಂದ ಉಪವಾಸವಿದ್ದ ಸುಧನ್ವ ಅನ್ನ ಕಲಸಿದವನು ಕಲಸುತ್ತಲೇ ಇದ್ದ.

"ಎಷ್ಟಂತೆ?"

"ಇಪ್ಪತ್ತೇಳು. ಮೂವತ್ತಕ್ಕ."

"ನನ್ನದೆಷ್ಟು?"

"ನಿಂದೇ ಅದು. ಉಣ್ಣು."

"ಕಾಶಿ, ಹದಿನೇಳು ವರ್ಷದಿಂದ ಇಲ್ಲೇ ಇದೀನಿ. ಮೀನು ಮಾರೋಳ ಜೊತೆ ಜಗಳ ಆಡ್ತೀನಿ, ಮಗಳು ಮಲಯಾಳದಲ್ಲಿ ಬೈದ್ರೆ ಬೈಸ್ಕೋತೀನಿ. ನೀನು ಏನೇನು ಹೇಳಿದೆ ಅಂತ ನಂಗೆ ಅರ್ಥ ಆಗಲ್ಲ ಅಂದ್ಕೊಂಡ್ಯಾ?"

ಕಾಶೀನಾಥ ನೀರಿನ ಲೋಟವನ್ನು ಅವನ ಕಡೆ ಸರಿಸಿದ.

"ಮೊದಲು ತಾರೀಖು. ನಂದು ತಪ್ಪು ಅಂತ ನೀನು ಹತ್ತೊಂಬತ್ತು ಅಂದ ಮೇಲೇನೇ ಗೊತ್ತಾಯ್ತು ನಂಗೆ. ಪ್ರತಿಯೊಂದೂ ಹಾಗೇ. ನಂದು ಎಲ್ಲೆಲ್ಲಿ ತಪ್ಪು ಅಂತ ನಿನ್ನ ಬಾಯಿಂದಾನೇ ಕಲಿತೆ ಇವತ್ತು."

"ನೌಕರಿ ಹೋಗ್ತಿತ್ತಲೇ. ಎರಡು ಮೆಮೋ ಬಂದಾವ. ಅನ್‌ಫಿಟ್ ಅಂತ ಬರದಿದ್ರ ಏನ್ ಮಾಡ್ತಿದ್ದಿ?"

ಹೇಳುವಾಗಲೇ ಕಾಶೀನಾಥನಿಗೆ ಗೊತ್ತಿತ್ತು, ಆ ಕಾರಣ ಈಗ ಹುಟ್ಟಿದ್ದು. ಆ ಕೋಣೆಯಲ್ಲಿ ಅವನಿಗೆ ನೌಕರಿಯ ನೆನಪೇ ಬಂದಿರಲಿಲ್ಲ. ಆ ಗಡಿಯಾರದ ಚಿತ್ರ ನಿಜವಾದರೆ ಅದನ್ನು ಹಾಗೆ ಬರೆಸಿದವನು ಯಾರೆಂಬ ಪ್ರಶ್ನೆ ಬರುತ್ತದೆ. ಅದು ಬರಬಾರದೆಂದು ಹದಿಮೂರು ವರ್ಷದಿಂದ ಅವನು ಸುಧನ್ವನನ್ನು ಎಲ್ಲರ ಮುಂದೆಯೂ ಠೀಕ್ ಹೈ ಅನ್ನುತ್ತ ಬಂದಿದ್ದ.

ಸುಧನ್ವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನಂದಿತಾನ ಯಾಕೆ ಬೇಡ ಅಂದೆ ಗೊತ್ತಾ? ಅವಳು ಅಳ್ತಾಳೆ. ಅವಳು ಅತ್ರೆ ನಾನು ಏನೂ ಆಗಿಲ್ಲ ಕಣೇ ಅಂದುಬಿಡ್ತೀನಿ. ರಿಂಗ್ ಒಳಗೆ ನಿಂತೋನು ಸಾಕು ಅನ್ನಕ್ಕಾಗಲ್ಲ ಕಾಶಿ. ಅವನಿಗೆ ಅದು ಬರೋದೇ ಇಲ್ಲ. ನಿಲ್ಲಿಸಿ ಅನ್ನೋ ಅಧಿಕಾರ ಇರೋದು ಮೂಲೇಲಿ ನಿಂತೋನಿಗೆ. ನೀನು ನಿಲ್ಲಿಸ್ತೀಯ ಅಂತ ಕರ್ಕೊಂಡು ಬಂದೆ."

ಬಡಿಸುವವನು ಮಜ್ಜಿಗೆಯ ಪಾತ್ರೆ ಹಿಡಿದು ಬಂದ. ಇಬ್ಬರ ಎಲೆಯಲ್ಲೂ ಅನ್ನ ಹಾಗೇ ಇದ್ದದ್ದು ನೋಡಿ ಮುಂದಿನ ಮೇಜಿಗೆ ಹೋದ.

ಕಾಶೀನಾಥ ಎಲೆ ಮಡಿಚಿ ಎದ್ದ. "ನಡಿ."

"ರೈಲಿಗೆ ಇನ್ನೂ ಹೊತ್ತಿದೆ."

"ರೈಲಿಗಲ್ಲ. ನಡಿಯಲೇ."

ಆಟೋ ಮಾಡಿಕೊಂಡು ಆಸ್ಪತ್ರೆಗೆ ಮರಳಿದಾಗ ಹೊರರೋಗಿಗಳ ವಿಭಾಗ ಖಾಲಿಯಾಗುತ್ತಿತ್ತು. ಸೆಕ್ಯುರಿಟಿಯವನು ನಾಳೆ ಬನ್ನಿ ಅಂದ. ಕಾಶೀನಾಥ ಅವನನ್ನು ದಾಟಿಕೊಂಡೇ ಹೋದ. ರಾಜಲಕ್ಷ್ಮಿ ಫೈಲುಗಳನ್ನು ಕಪಾಟಿಗೆ ಸೇರಿಸುತ್ತಿದ್ದಳು.

"ಮೇಡಂ, ನಾನು ಬೆಳಿಗ್ಗೆ ಹೇಳಿದ್ದು ಸುಳ್ಳು."

ಅವಳು ಅವನನ್ನೂ, ಬಾಗಿಲಲ್ಲಿ ನಿಂತ ಸುಧನ್ವನನ್ನೂ ನೋಡಿದಳು. ಬೈಯಲಿಲ್ಲ. ಹಾಳೆ ಹುಡುಕಿ ತೆಗೆದು ಮೇಜಿನ ಮೇಲಿಟ್ಟಳು. ಅದರ ಬದಿಯಲ್ಲಿ ಪೆನ್ಸಿಲಿನ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

"ಅವರು ಎರಡು ಶಬ್ದ ಹೇಳಿ ತಡವರಿಸಿದಾಗ ನೀವು ಐದು ಹೇಳಿದಿರಿ. ಭಾಷೆ ಬರದಿದ್ದರೂ ಅಷ್ಟು ಕೇಳಿಸುತ್ತದೆ. ಅಲ್ಲೇ ನಿಲ್ಲಿಸಬೇಕಿತ್ತು ನಾನು. ಹೊರಗೆ ನಲವತ್ತು ಜನ ಇದ್ದರು." ಕನ್ನಡಕ ತೆಗೆದು ಒರೆಸಿದಳು. "ಇದೇ ಪರೀಕ್ಷೆ ಇವತ್ತು ಮತ್ತೆ ಮಾಡುವ ಹಾಗಿಲ್ಲ. ಅವರು ನಿಜವಾಗಿ ಏನು ಹೇಳಿದರು ನಿಮಗೆ ನೆನಪಿದೆಯೇ?"

"ಎಲ್ಲಾ ನೆನಪಿದೆ."

"ಹೇಳಿ."

ಹೊಸ ಹಾಳೆ ಬಂತು. ಕಾಶೀನಾಥ ಹೇಳತೊಡಗಿದ. ಪಕ್ಕದಲ್ಲಿ ಸುಧನ್ವ ಕೂತಿದ್ದ. ತಾರೀಖು ಹನ್ನೊಂದು ಅಂದ. ಲೆಕ್ಕ ತೊಂಬತ್ತಮೂರಕ್ಕೆ ನಿಂತಿತು. ಶಬ್ದ ಎರಡೇ. ಗೆಳೆಯನ ಸೋಲುಗಳನ್ನು ಒಂದೊಂದಾಗಿ ಬೇರೆಯವರ ಭಾಷೆಯಲ್ಲಿ ಎಣಿಸಿ ಕೊಡುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ಕಡೆ ಅವನು ಸ್ವಲ್ಪ ಮೆತ್ತಗೆ ಮಾಡಿ, ಹಣ್ಣು ಅನ್ನುವುದಾದರೂ ನೆನಪಿತ್ತು ಅಂದ. ಸುಧನ್ವ ತಲೆಯೆತ್ತಿದ.

"ಮಾವಿನಹಣ್ಣು ಅಂದೆ," ಅಂದ, ತನ್ನ ಮೀನು ಮಾರುಕಟ್ಟೆಯ ಮಲಯಾಳದಲ್ಲಿ, ನೇರವಾಗಿ ಅವಳಿಗೇ. "ಅದು ತಪ್ಪು. ತಪ್ಪು ಅಂತಲೇ ಬರೆದುಕೊಳ್ಳಿ."

ಅವಳು ಹಾಗೇ ಬರೆದುಕೊಂಡಳು.

"ಕೈ ಮುರಿದಿತ್ತು, ನಿಜ. ಆದರ ಗಡಿಯಾರ ತಪ್ಪಿದ್ದು ಅದಕ್ಕಲ್ಲ, ರುಜು ಛಲೋ ಮಾಡ್ತಾನ," ಅಂದ ಕಾಶೀನಾಥ ಕನ್ನಡದಲ್ಲೇ, ಆಮೇಲೆ ನೆನಪಾಗಿ ಮಲಯಾಳದಲ್ಲಿ. ಮೆಟ್ರೋ ಸ್ಟೇಷನ್ನಿನದು ಹೇಳಿದ. ಗಾಜಿನದು ಹೇಳಿದ. ಕೊನೆಯ ಪ್ರಶ್ನೆಗೆ ಬಂದ. "ಇವನು ಹೌದು ಅಂದಿದ್ದ. ಯಾವಾಗಲೂ ಅಂದಿದ್ದ. ಮನೆಯವರು ತಾರಸಿಗೆ ಬೀಗ ಹಾಕಿಸಿದ್ದಾರೆ."

ರಾಜಲಕ್ಷ್ಮಿ ಪೆನ್ನು ಕೆಳಗಿಟ್ಟು ಫೋನು ಎತ್ತಿಕೊಂಡಳು. ಯಾರ ಜೊತೆಗೋ ಹಾಸಿಗೆಯ ಬಗ್ಗೆ ಮಾತಾಡಿದಳು. ಇವತ್ತು ಇವರನ್ನು ಕಳಿಸುವುದಿಲ್ಲ, ಮನೆಯವರನ್ನು ಕರೆಸಿ ಅಂದಳು. ಹೋದ ನೆನಪು ಮರಳುತ್ತದೆಯೇ ಎಂದು ಕಾಶೀನಾಥ ಕೇಳಿದ. ಸ್ಕ್ಯಾನ್ ಆಗಲಿ, ಅಂದಳು. "ಆದರೆ ಹೋದದ್ದು ಮರಳುತ್ತದೆಂಬ ಆಸೆ ಇಟ್ಟುಕೊಳ್ಳಬೇಡಿ. ಮನಸ್ಸಿಗೆ ಮದ್ದಿದೆ. ಮೊದಲು ಅದನ್ನು ನೋಡೋಣ," ಅಂದಳು.

ಕಾರಿಡಾರಿನಲ್ಲಿ ನಿಂತು ಕಾಶೀನಾಥ ನಂದಿತಾಗೆ ಎಲ್ಲ ಹೇಳಿದ. ಮೊದಲ ಸಲ ಹೇಳಿದ್ದು ಸುಳ್ಳೆಂದೂ ಹೇಳಿದ. ಆಚೆ ಬ್ಯಾಂಕಿನಲ್ಲಿ ಯಾರೋ ಟೋಕನ್ ನಂಬರು ಕೂಗುತ್ತಿದ್ದರು.

"ನಾನು ಬರೋವರೆಗೂ ಅಲ್ಲೇ ಇರಿ," ಅಂದಳು ಕೊನೆಗೆ. "ಆಮೇಲೆ ನೀವು ಹೊರಟುಬಿಡಿ ಕಾಶಿಯಣ್ಣ."

ಅವನು ಒಳಗೆ ಹೋದ. ರಾಜಲಕ್ಷ್ಮಿ ದಾಖಲಾತಿಯ ಕಾಗದ ತುಂಬುತ್ತಿದ್ದಳು. ಒಂದು ಕಡೆ ಪೆನ್ನು ನಿಲ್ಲಿಸಿ, ಇದು ಶುರುವಾದದ್ದು ಯಾವಾಗಿನಿಂದ ಎಂದು ಕೇಳಿದಳು. ಇದನ್ನು ಕನ್ನಡದಲ್ಲೇ ಕೇಳಿ, ಅವರಿಗೆ ಸಮಯ ಕೊಡಿ ಅಂದಳು.

"ಯಾವಾಗಿಂದ ಅಂತ ಕೇಳಾಕತ್ತಾರ," ಅಂದ ಕಾಶೀನಾಥ.

ಸುಧನ್ವ ಮೇಜಿನ ಅಂಚು ನೋಡುತ್ತ ಕೂತ. ತುಟಿ ಅಲ್ಲಾಡಿತು, ನಿಂತಿತು. ಕಾಶೀನಾಥನ ಬಳಿ ಉತ್ತರವಿತ್ತು. ಊರು, ತಿಂಗಳು, ರೌಂಡು ಸಮೇತ ನಾಲಿಗೆಯ ತುದಿಯಲ್ಲಿತ್ತು. ತನ್ನ ಸರದಿ ಬಂದಾಗ ಅದನ್ನು ಹೇಳಲೇಬೇಕಾಗುತ್ತದೆ. ಆದರೆ ಈಗ ಕೇಳಿದ್ದು ಅವನನ್ನಲ್ಲ.

"ಮೊದಲು..." ಅಂದ ಸುಧನ್ವ. ಅಲ್ಲಿಗೆ ನಿಲ್ಲಿಸಿದ. ಹೊರಗೆ ಒಂದೊಂದೇ ಬಾಗಿಲು ಮುಚ್ಚುತ್ತ ಯಾರೋ ಹತ್ತಿರ ಬರುತ್ತಿದ್ದರು. ಸುಧನ್ವ ನೆನಪಿನಲ್ಲಿ ಮತ್ತೆ ಮೊದಲಿನಿಂದ ಹುಡುಕತೊಡಗಿದ. ಕಾಶೀನಾಥ ಹಲ್ಲು ಕಚ್ಚಿ ಸುಮ್ಮನೆ ಕೂತಿದ್ದ.